ಹಳೇ ಸೀರೆಯ ಹೊಸ ರೂಟು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ನಮ್ಮ ಗೀತಾಳಿಗೆ ಹೆಣ್ಣು ಮಗು. ತಲೆ ತುಂಬಾ ಕೂದಲು, ಮೂಗು ನಮ್ಮಮ್ಮನದು, ಗಂಟಲು ಮಾತ್ರ ನನ್ನ ಹಳೇ ಬಸ್ಸಿನ ಹಾರನ್ನಿನದು. ನಿನ್ನೆ ಮಧ್ಯಾಹ್ನ ಆಸ್ಪತ್ರೆಯಿಂದ ಸ್ಯಾನ್ ಹೊಸೆಯ ಈ ಅಪಾರ್ಟ್‌ಮೆಂಟಿಗೆ ಬಂದಳು. ಇವತ್ತು ಬೆಳಗಾಗುತ್ತಲೇ ಬಾಲ್ಕನಿಯಲ್ಲಿ ನಿಂತು, ಕೆಳಗೆ ನಾಯಿ ಹಿಡಿದುಕೊಂಡು ಹೋಗುವವರಿಗೆಲ್ಲ "ಬೇಬಿ! ಗರ್ಲು!" ಎಂದು ಕೂಗಿ ಹೇಳಿದ್ದೇನೆ. ಅವರು ಕೈ ಬೀಸಿದರು, ನಾಯಿಗಳು ಬಾಲ ಬೀಸಿದವು. ಆದರೂ ಹೊಟ್ಟೆ ತುಂಬಲಿಲ್ಲ, ಅದಕ್ಕೇ ನಿಮ್ಮನ್ನು ಹಿಡಿದುಕೊಂಡು ಕೂತಿದ್ದೇನೆ.

ಈ ಸುದ್ದಿಯ ಮಡಿಲಲ್ಲಿ ಇನ್ನೊಂದು ಸುದ್ದಿ ಇದೆ. ಅದು ಒಂದು ಬಟ್ಟೆಯದು. ಅದನ್ನು ಹೇಳಬೇಕಾದರೆ ಮಗ್ಗದ ಮಾತು ಎತ್ತಬೇಕು. ಮಗ್ಗದ ಮಾತು ಎತ್ತಿದರೆ ನನ್ನ ಹೆಂಡತಿ ಜಯ ಈಗಲೂ ಒಂದು ಸಲ ತಿರುಗಿ ನೋಡುತ್ತಾಳೆ. ನೋಡಲಿ ಬಿಡಿ.

ನಾನು ನೇಕಾರನಲ್ಲ. ಬಸ್ ಡ್ರೈವರು. ನಾಲ್ಕನೇ ಕ್ಲಾಸಿಗೆ ಸ್ಕೂಲು ನನ್ನನ್ನು ಬಿಟ್ಟಿತೋ ನಾನು ಅದನ್ನು ಬಿಟ್ಟೆನೋ, ಇಬ್ಬರಿಗೂ ಬೇಜಾರಾಗಲಿಲ್ಲ. ಆಮೇಲೆ ನನ್ನ ಓದೆಲ್ಲ ಊರಿನ ಬೋರ್ಡು, ಅಂಗಡಿಯ ಬೋರ್ಡು, ಮುಂದೆ ಹೋಗುವ ಲಾರಿಯ ಹಿಂದಿನ ಬರಹ. ಮೈಸೂರು–ಕೊಳ್ಳೇಗಾಲ ನನ್ನ ರೂಟು. ಕೊಳ್ಳೇಗಾಲದಲ್ಲಿ ಗಾಡಿ ನಿಲ್ಲಿಸಿ ಟೀ ಕುಡಿಯುವಾಗ ಹಿಂದಿನ ಬೀದಿಯಿಂದ ಮಗ್ಗದ ಸದ್ದು ಟಕಟಕ ಕೇಳುತ್ತಿತ್ತು. ಒಂದು ದಿನವೂ ಹೋಗಿ ಇಣುಕಿದವನಲ್ಲ. ಟೀ ಆರಿಹೋಗುತ್ತಲ್ಲ! ಹಿಂದಿನ ಬೀದಿಗೆ ಹೋಗದವನು ಮಗ್ಗ ನೋಡುವುದಕ್ಕೆ ಸಮುದ್ರ ದಾಟಿ ಬರಬೇಕಾಯಿತು ನೋಡಿ.

ಮಗಳ ಬಾಣಂತನಕ್ಕೆ ಅಂತ ನಾವಿಬ್ಬರೂ ಬಂದೆವು. ಬಾಣಂತನ ಮಾಡುವವಳು ಜಯ. ನಾನು ಲಗೇಜು. ಅಳಿಯಂದಿರು ರಮೇಶ, ಮಿಲ್ಪಿಟಾಸಿನ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಇಂಜಿನಿಯರು, ಬಂಗಾರದಂಥ ಮನುಷ್ಯ. ಅವರ ಕಾರಿನಲ್ಲಿ ನಾನು ಮುಂದಿನ ಸೀಟಿನಲ್ಲಿ, ಬಲಗಡೆ ಕೂರುತ್ತಿದ್ದೆ. ಜನ್ಮವೆಲ್ಲ ಕೂತ ಜಾಗವೇ ಅದು! ಆದರೆ ಎದುರಿಗೆ ಸ್ಟೇರಿಂಗು ಇಲ್ಲ. ಫ್ರೀವೇಯಲ್ಲಿ ಮುಂದಿನ ಕಾರಿನ ಕೆಂಪು ದೀಪ ಹತ್ತಿದರೆ ನನ್ನ ಬಲಗಾಲು ತಾನಾಗಿ ಒತ್ತುತ್ತಿತ್ತು. ಆ ಕಾರಿನ ಕಾಲುಚಾಪೆ ನನ್ನ ಕಡೆ ಮಾತ್ರ ಸವೆದಿದೆ. ದಿನಾ ಬೆಳಿಗ್ಗೆ ಇಳಿದು ಹೋಗಿ ಬಾನೆಟ್ಟು ಎತ್ತಿ ರೇಡಿಯೇಟರಿಗೆ ನೀರು ಇದೆಯೇ ಎಂದು ನೋಡುತ್ತಿದ್ದೆ.

"ಮಾವ, ಈ ಕಾರಿಗೆ ದಿನಾ ನೀರು ನೋಡೋದು ಬೇಡ," ಅಂದರು ಅಳಿಯಂದಿರು.

ಮಾರನೇ ದಿನ ಎಣ್ಣೆ ನೋಡಿದೆ.

ಕೊನೆಗೆ ಗೀತಾ, "ಅಪ್ಪ, ನಿಮಗೊಂದು ಹಾಬಿ ಬೇಕು. ಮನಸ್ಸು ರಿಲ್ಯಾಕ್ಸ್ ಆಗುತ್ತೆ," ಎಂದು ಹೇಳಿ, ಮನೆಯ ಹತ್ತಿರವೇ ಒಂದು ಹಾಲಿನಲ್ಲಿ ವಯಸ್ಸಾದವರಿಗೆ ನಡೆಸುವ ಮಗ್ಗದ ಕ್ಲಾಸಿಗೆ ಸೇರಿಸಿಬಿಟ್ಟಳು. ಜಯ, "ಸುಮ್ಮನೆ ಕೂರೋದಕ್ಕೂ ಕ್ಲಾಸಾ?" ಅಂದಳು. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ನಮ್ಮ ಕಡೆ ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಇಲ್ಲಿ ಆರಾಮಕ್ಕೆ ಮಾಡುತ್ತಾರೆ. ನಾಳೆ ಯಾರಾದರೂ ಹಾಬಿಗೆ ಅಂತ ಮೈಸೂರಿಂದ ಕೊಳ್ಳೇಗಾಲಕ್ಕೆ ಬಸ್ಸು ಓಡಿಸಿದರೂ ನಾನು ಆಶ್ಚರ್ಯಪಡುವುದಿಲ್ಲ.

ಕ್ಲಾಸಿನ ತುಂಬಾ ಹೆಂಗಸರು. ಹೇಳಿಕೊಡುವವರು ಡೊರತಿ ಅಂತ, ಬೆಳ್ಳನೆ ಕೂದಲನ್ನು ಗಂಟು ಕಟ್ಟಿ ಅದಕ್ಕೆ ಪೆನ್ಸಿಲು ಸಿಕ್ಕಿಸಿಕೊಂಡಿರುವ ಅಜ್ಜಿ. ಸಂಕೋಚದಿಂದ ಹೋಗಿ ಮಗ್ಗದ ಮುಂದೆ ಕೂತೆ. ಕಾಲ ಕೆಳಗೆ ನೋಡುತ್ತೇನೆ, ಪೆಡಲು! ನಾಲ್ಕು ಪೆಡಲು! ನಮ್ಮ ಬಸ್ಸಿಗೇ ಮೂರು. ಎಡಗಾಲು ಕ್ಲಚ್ಚು ಎಂದುಕೊಂಡು ಒತ್ತಿಬಿಟ್ಟಿತು. ಅರ್ಧ ನೂಲು ಮೇಲೆದ್ದಿತು, ಅರ್ಧ ಕೆಳಗೆ ಹೋಯಿತು, ನಡುವೆ ಒಂದು ದಾರಿ ತೆರೆಯಿತು. ಆ ದಾರಿಯಲ್ಲಿ ನೂಲು ಸುತ್ತಿದ ಲಾಳಿಯನ್ನು ತಳ್ಳಬೇಕು, ಈ ಅಂಚಿನಿಂದ ಆ ಅಂಚಿಗೆ. ಆಮೇಲೆ ಪೆಡಲು ಬದಲಾಯಿಸಿ ವಾಪಸ್ಸು. ಮೈಸೂರು–ಕೊಳ್ಳೇಗಾಲ, ಕೊಳ್ಳೇಗಾಲ–ಮೈಸೂರು. ನನಗೇ ಗೊತ್ತಿಲ್ಲದೆ ಬಾಯಲ್ಲಿ "ರೈಟ್, ರೈಟ್" ಬಂತು. ಎಳೆ ಸಿಕ್ಕಿಕೊಂಡು ನಿಲ್ಲಿಸಬೇಕಾದಾಗ "ಹೋಲ್ಡಾನ್!" ಬಂತು. ಡೊರತಿ ನಕ್ಕು ನಕ್ಕು ಸುಸ್ತಾದರು. ಮುಂದಿನ ವಾರದಿಂದ ಕ್ಲಾಸು ಶುರು ಮಾಡುವಾಗ ಅವರೇ "ರೈಟ್, ರೈಟ್" ಅನ್ನತೊಡಗಿದರು. ಕಂಡಕ್ಟರ್ ಇಲ್ಲದ ಕೊರತೆಯೂ ನೀಗಿತು.

ಒಂದು ಮಾತು ಹೇಳುತ್ತೇನೆ. ಬಸ್ಸಿನಲ್ಲಿ ಎಷ್ಟು ಓಡಿಸಿದರೂ ದಾರಿ ಹಿಂದಕ್ಕೆ ಹೋಗಿಬಿಡುತ್ತದೆ. ಸಾಯಂಕಾಲ ಕೈಯಲ್ಲಿ ಏನೂ ಉಳಿಯುವುದಿಲ್ಲ, ಸೊಂಟದಲ್ಲಿ ನೋವು ಬಿಟ್ಟರೆ. ಮಗ್ಗದಲ್ಲಿ ಓಡಿಸಿದ ದಾರಿಯೆಲ್ಲ ಬಟ್ಟೆಯಾಗಿ ನಮ್ಮ ಹೊಟ್ಟೆಯ ಕಡೆಗೇ ಬಂದು ಸುತ್ತಿಕೊಳ್ಳುತ್ತದೆ. ಆ ಸುಖ ನನಗೆ ಹೊಸದು.

ಇನ್ನೊಂದು. 'ಹಾಸುಹೊಕ್ಕು' ಎಂಬ ಮಾತನ್ನು ಜನ್ಮವೆಲ್ಲ ಕೇಳಿದ್ದೇನೆ. ಕರೆಯದೆ ಬಂದ ನೆಂಟರು, ಹೊಕ್ಕ ಮನೆಯಲ್ಲಿ ತಾವೇ ಹಾಸಿಗೆ ಹಾಸಿಕೊಂಡು ಮಲಗುತ್ತಾರಲ್ಲ, ಅದೇ ಇರಬೇಕು ಎಂದುಕೊಂಡಿದ್ದೆ. ಈಗ ಗೊತ್ತಾಯಿತು. ಮಗ್ಗಕ್ಕೆ ಉದ್ದಕ್ಕೆ ಹಾಸಿದ ನೂಲು ಹಾಸು, ಅಡ್ಡಕ್ಕೆ ಒಳಗೆ ನುಗ್ಗುವ ನೂಲು ಹೊಕ್ಕು. ಕನ್ನಡ ಕಲಿಯಲು ಅಮೆರಿಕಕ್ಕೆ ಬಂದವನು ನಾನೊಬ್ಬನೇ ಇರಬೇಕು. ಆದರೂ ನನ್ನ ಮೊದಲಿನ ಅರ್ಥವನ್ನು ಪೂರ್ತಿ ಬಿಡಲು ಮನಸ್ಸಿಲ್ಲ. ಅಳಿಯಂದಿರ ಮನೆಯಲ್ಲಿ ಹಾಸು ಅವರದು, ಹೊಕ್ಕವರು ನಾವು.

ಕೈ ಸ್ವಲ್ಪ ಕುದುರಿದ ಮೇಲೆ ಡೊರತಿ ಹೊಸ ಪಾಠ ಎತ್ತಿದರು. ಹಾಸು ಹತ್ತಿಯ ನೂಲು, ಹೊಕ್ಕು ಹಳೇ ಬಟ್ಟೆಯ ಪಟ್ಟಿ. ನಮ್ಮ ಕೌದಿಯ ಅಮೆರಿಕದ ತಂಗಿ ಅಂದುಕೊಳ್ಳಿ. ಬಟ್ಟೆ ಮನೆಯಿಂದ ತರಬೇಕು. ಅವರು ಹೇಳಿದ ಅಷ್ಟುದ್ದದ ಇಂಗ್ಲಿಷಿನಲ್ಲಿ ನನಗೆ ಹತ್ತಿದ್ದು ಮೂರೇ ಮಾತು: ಓಲ್ಡು, ಸಾಫ್ಟು, ಕಾಟನ್ನು.

ಮನೆಗೆ ಬಂದು ಹುಡುಕಿದೆ. ಊರಿಂದ ಬರುವಾಗ ಜಯ ಉಪ್ಪಿನಕಾಯಿಯ ಭರಣಿ ಒಡೆಯದಿರಲಿ ಎಂದು ಒಂದು ಹಳೇ ಬಟ್ಟೆ ಸುತ್ತಿ ತಂದಿದ್ದಳು. ಅದನ್ನು ಒಗೆದು ಮಡಿಸಿ ಬೀರುವಿನ ಮೂಲೆಯಲ್ಲಿ ಇಟ್ಟಿದ್ದಳು. ಎಷ್ಟು ಹಳೆಯದೆಂದರೆ ಬಣ್ಣ ಗಂಜಿಯ ಬಣ್ಣಕ್ಕೆ ಬಂದಿತ್ತು. ಎಷ್ಟು ಮೆತ್ತಗೆಂದರೆ ಕೈಯಲ್ಲಿ ಹಿಡಿದರೆ ಬೆಣ್ಣೆ. ಓಲ್ಡು, ಸಾಫ್ಟು, ಕಾಟನ್ನು! ಭರಣಿಗೆ ಸುತ್ತಿದ ಚಿಂದಿಯನ್ನು ಯಾರನ್ನು ಕೇಳುವುದು? ಕ್ಲಾಸಿಗೆ ಒಯ್ದು ಚರ್ರನೆ ಹರಿದೆ. ಬಟ್ಟೆ ಹರಿಯುವುದರಲ್ಲಿ ಒಂದು ಖುಷಿ ಇದೆ, ನೀವು ಒಪ್ಪದಿದ್ದರೂ ಇದೆ.

ಎರಡು ವಾರ ನೇಯ್ದೆ. ಗಂಜಿಯ ಬಣ್ಣದ ನಡುನಡುವೆ ಎಲ್ಲಿಂದಲೋ ಹಸಿರು ಚುಕ್ಕಿಗಳು ಎದ್ದು ಬಂದವು, ಹೊಲದಲ್ಲಿ ಪೈರು ಎದ್ದ ಹಾಗೆ. ಹೆಂಗಸರೆಲ್ಲ ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಸುರುಳಿ ಸುತ್ತಿ ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದು, ಜಯಳ ಮುಂದೆ ಹಾಸಿದೆ.

ಜಯ ಬಗ್ಗಿ ನೋಡಿದಳು. "ರೀ, ಈ ಹಸಿರು ಎಲ್ಲಿಂದ ಬಂತು?"

"ಉಪ್ಪಿನಕಾಯಿ ಭರಣಿಗೆ ಸುತ್ತಿತ್ತಲ್ಲ, ಆ ಚಿಂದಿದು."

ಅವಳು ಆ ಹಸಿರಿನ ಮೇಲೆ ಬೆರಳಾಡಿಸಿದಳು. "ಅದು ಚಿಂದಿ ಅಲ್ಲ ರೀ. ನಿಮ್ಮಮ್ಮನ ಹಸಿರಂಚಿನ ಸೀರೆ. ಹುಟ್ಟೋ ಮಗೂಗೆ ಹಾಸು ಅಂತ ಅತ್ತೆ ಕೊಟ್ಟಿದ್ದು."

ನಿಮಗೆ ಗೊತ್ತಿರುತ್ತದೆ, ನಮ್ಮಲ್ಲಿ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ತಾಗಿಸುವುದಿಲ್ಲ. ಹೆಸರಿಡುವವರೆಗೆ ಹಳೇ ಬಟ್ಟೆಯೇ. ಅದೂ ಬಾಳಿ ಬದುಕಿದವರ ಬಟ್ಟೆಯಾದರೆ ಅವರ ಆಯಸ್ಸು ಮಗುವಿಗೆ ಬರಲಿ ಅಂತ. ನಮ್ಮಮ್ಮ ಈಗಲೂ ಮೈಸೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಗಟ್ಟಿಯಾಗಿ ಕೂತು, ಕಾಫಿಗೆ ಸಕ್ಕರೆ ಕಡಿಮೆಯಾದರೆ ಜಗಳ ಆಡುತ್ತಾಳೆ. ನಮ್ಮ ಮನೆಯ ಮಕ್ಕಳೆಲ್ಲ, ಗೀತಾಳೂ ಸೇರಿ, ಮೊದಲು ಮಲಗಿದ್ದು ಅವಳ ಸೀರೆಯ ಮೇಲೆ. ಮೊದಲನೇ ಮರಿಮಗುವಿಗೆ ಅಂತ ಅವಳು ಕೊಟ್ಟ ಆ ಸೀರೆಯನ್ನು ಅವಳ ಮಗನೇ, ಅವಳ ಸೊಂಟಕ್ಕೆ ಜೋತುಬಿದ್ದು ಬೆಳೆದವನೇ, ಗುರುತು ಹಿಡಿಯದೆ ಹರಿದುಬಿಟ್ಟ. ರಿವರ್ಸ್ ಗೇರು ಹಾಕೋಣ ಅಂದರೆ, ಎಳೆ ಬಿಚ್ಚಿದರೂ ಬರುವುದು ಸೀರೆಯಲ್ಲ, ಪಟ್ಟಿ.

ಜಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತಿನಿಂದ ನನ್ನ ಅನ್ನದ ಮೇಲೆ ತುಪ್ಪ ಬೀಳುವುದು ನಿಂತಿತು. ಊರಿಂದ ಬರುವ ಯಾರ ಕೈಯಲ್ಲಾದರೂ ಇನ್ನೊಂದು ಸೀರೆ ತರಿಸೋಣ ಎಂದು ಗೀತಾ ಸಮಾಧಾನ ಮಾಡಿದಳು. ಅಷ್ಟರಲ್ಲಿ ಮೊಮ್ಮಗಳು ಡಾಕ್ಟರು ಹೇಳಿದ ದಿನಕ್ಕೆ ಮುಂಚೆಯೇ ಬಂದುಬಿಟ್ಟಳು. ಟೈಮಿಗೆ ಮುಂಚೆ ಸ್ಟ್ಯಾಂಡಿಗೆ ಬಂದ ಗಾಡಿಯನ್ನು ನನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ.

ನಿನ್ನೆ ಮನೆಗೆ ಬಂದದ್ದೇ, ಜಯ ಮಗುವನ್ನು ಮಡಿಲಿಗೆ ಹಾಕಿಕೊಂಡು ಸೋಫಾದ ಮೇಲೆ ಕೂತವಳು ಕೆಳಗಿಳಿಸಲೇ ಇಲ್ಲ. ಎಲ್ಲಿ ಮಲಗಿಸುವುದು? ಮನೆಯಲ್ಲಿ ಹುಡುಕಿದರೆ ಎಲ್ಲಾ ಹೊಸದು, ಎಲ್ಲಾ ನೈಲಾನು. ಅವಳ ಸೀರೆಗಳೂ ಅಮೆರಿಕಕ್ಕೆ ಅಂತಲೇ ಕೊಂಡವು.

"ಆಸ್ಪತ್ರೆ ಬಟ್ಟೆ ಆಗಲೇ ಸುತ್ತಿದಾರಲ್ಲ ಅತ್ತೆ," ಅಂದರು ಅಳಿಯಂದಿರು.

"ಅದು ಲೆಕ್ಕಕ್ಕಿಲ್ಲ. ಮನೇದು ಬೇಕು."

ಅಳಿಯಂದಿರು ಒಳಗೆ ಹೋಗಿ, ಬರ್ಕ್ಲಿಯಲ್ಲಿ ಓದುವಾಗಿನ ತಮ್ಮ ಹಳೇ ಟೀ-ಶರ್ಟು ತಂದರು. ಎದೆಯ ಮೇಲೆ ದೊಡ್ಡ ಕರಡಿ.

"ಮಗು ಕಣ್ಣು ಬಿಟ್ಟರೆ ಕರಡಿ ಕಾಣಬೇಕಾ?" ಅಂದಳು ಜಯ.

ಆಗ ಗೀತಾ, ಪಾಪ ಹಸಿ ಬಾಣಂತಿ, ಮಲಗಿದ್ದಲ್ಲಿಂದಲೇ, "ಅಮ್ಮ, ಅಪ್ಪ ನೇಯ್ದದ್ದೂ ಅಜ್ಜಿ ಸೀರೇನೇ ಅಲ್ವಾ?" ಅಂದಳು.

"ನೇಯ್ದ ಮೇಲೆ ಹೊಸದಾಯ್ತಲ್ಲೇ!"

"ನೂಲು ಹಳೇದೇ ಅಲ್ವಾ ಅತ್ತೆ," ಅಂದರು ಅಳಿಯಂದಿರು.

ನನ್ನ ತಲೆಯಲ್ಲಿ ಇಂಜಿನ್ನು ಓಡುತ್ತಲೇ ಇತ್ತು. ನನ್ನ ಬಸ್ಸಿಗೆ ಟೈರು ಬದಲಾಯಿತು, ಇಂಜಿನ್ನು ಬದಲಾಯಿತು, ಕಡೆಗೆ ಬಾಡಿಯೂ ಬದಲಾಯಿತು. ಆದರೂ ದಾರಿಯಲ್ಲಿ ಕೈ ಅಡ್ಡ ಹಿಡಿಯುವವರು "ನಮ್ಮ ಗಾಡಿ ಬಂತು" ಎಂದೇ ಅನ್ನುತ್ತಿದ್ದರು. ಹಾಗಾದರೆ ಅದು ಹಳೇದೋ, ಹೊಸದೋ? ಹತ್ತುವವರಿಗೆ ಆ ಯೋಚನೆಯೇ ಬರಲಿಲ್ಲ. ಆದರೆ ಬಸ್ಸಿನ ನ್ಯಾಯ ಬಾಣಂತಿ ಕೋಣೆಯಲ್ಲಿ ನಡೆಯುತ್ತದೆಯೇ?

ಜಯ ತೀರ್ಪು ಕೊಟ್ಟಳು. "ಅತ್ತೆಗೆ ಫೋನ್ ಮಾಡಿ. ಹರಿದವರು ನೀವು, ನೀವೇ ಹೇಳಿ."

ಇಲ್ಲಿ ಸಾಯಂಕಾಲ, ಮೈಸೂರಿನಲ್ಲಿ ಬೆಳಗಿನ ಕಾಫಿಯ ಹೊತ್ತು. ತಮ್ಮನ ಮನೆಯಲ್ಲಿ ಫೋನಿಲ್ಲ, ಪಕ್ಕದ ಮನೆಯವರ ಫೋನಿಗೆ ಮಾಡಿದೆವು. ಅವರು ಹೋಗಿ ಅಮ್ಮನನ್ನು ಕರೆದುಕೊಂಡು ಬರುವಷ್ಟು ಹೊತ್ತೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದಾಗಲೂ ಅಷ್ಟು ಒತ್ತಿರಲಿಲ್ಲ.

"ಅಮ್ಮಾ, ನಿನ್ನ ಸೀರೆ ಹರಿದುಬಿಟ್ಟೆ!" ಎಂದು ಕೂಗಿದೆ. ನಾನು ಕೂಗಿದ್ದು ಫೋನಿನಲ್ಲಿ ನನಗೇ ವಾಪಸ್ಸು ಕೇಳಿಸಿತು.

"ಯಾವ ಸೀರೆ?"

"ಮಗೂಗೆ ಕೊಟ್ಟಿದ್ದೆಯಲ್ಲ, ಅದು. ಗೊತ್ತಿಲ್ಲದೆ ಹರಿದು ಮಗ್ಗದಲ್ಲಿ ನೇಯ್ದುಬಿಟ್ಟಿದೀನಿ. ಜಯ ಹೊಸದು ಅಂತಾಳೆ, ಅಳಿಯಂದಿರು ಹಳೇದು ಅಂತಾರೆ. ಅದರ ಮೇಲೆ ಮಗೂನ ಮಲಗಿಸಬಹುದಾ?"

ಆ ಕಡೆಯಿಂದ ಬಿಕ್ಕಳಿಕೆಯ ಹಾಗೆ ಬಂತು, ಅಮ್ಮನ ನಗು.

"ನೀನು ಹುಟ್ಟಿದಾಗಿಂದ ಹರಿದುಕೊಂಡೇ ಬಂದೆ ಕಣೋ. ಚಡ್ಡಿ ಹರಿದೆ, ಪುಸ್ತಕ ಹರಿದೆ, ಸ್ಕೂಲಿಗೆ ಹೋಗಲ್ಲ ಅಂತ ಸ್ಲೇಟು ಒಡೆದೆ. ಹರಿದದ್ದನ್ನ ಕೂಡಿಸಿದ್ದು ಇದೇ ಮೊದಲು. ಮಲಗಿಸು, ಮಲಗಿಸು! ಜಯನ ಕೈಗೆ ಫೋನು ಕೊಡು, ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕಕ್ಕೆ ಹೇಳಬೇಕು."

ಫೋನು ಜಯಳ ಕೈಗೆ ಹೋಯಿತು, ಮಗು ನನ್ನ ಕೈಗೆ ಬಂತು. ನಡುಮನೆಯಲ್ಲಿ ಬಟ್ಟೆ ಹಾಸಿ, ನಾನೇ, ಈ ಸ್ಟೇರಿಂಗು ಹಿಡಿದ ಒರಟು ಕೈಯಲ್ಲೇ, ಅವಳನ್ನು ಇಳಿಸಿದೆ. ಹಸಿರು ಚುಕ್ಕಿಯ ಮೇಲೆ ಮುಷ್ಟಿ ಇಟ್ಟುಕೊಂಡು ನಿದ್ದೆ ಹೋದಳು. ಅವಳಿಗೆ ಹಳೇದೂ ಒಂದೇ, ಹೊಸದೂ ಒಂದೇ.

ಮಗುವನ್ನು ಬಿಟ್ಟು ಟೇಬಲ್ಲಿಗೆ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರೂ ಕಾರ್ಪೆಟ್ಟಿನ ಮೇಲೇ, ಅವಳ ಸುತ್ತ, ತಟ್ಟೆ ಹಿಡಿದು ಕೂತೆವು. ಗೀತಾಳಿಗೆ ಒರಗು ದಿಂಬು, ಮೆಣಸಿನ ಸಾರು, ಬೆಳ್ಳುಳ್ಳಿ ಜಾಸ್ತಿ. ನಮಗೆ ಹುಳಿ, ಹಪ್ಪಳ, ಶಾವಿಗೆ ಪಾಯಸ. ಅಳಿಯಂದಿರು, ಹಪ್ಪಳ ಮುರಿದರೆ ಮಗುವಿಗೆ ಎಲ್ಲಿ ಎಚ್ಚರವಾಗುತ್ತದೋ ಎಂದು ಹುಳಿಯಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದರು. ಜಯ ಮಾತ್ರ ಬಡಿಸುತ್ತಾ ಬಡಿಸುತ್ತಾ, "ಏನೇ ಆಗಲಿ, ನೋಡಿದರೆ ಹೊಸದರ ಹಾಗೇ ಕಾಣುತ್ತಪ್ಪ," ಎಂದು ಗೊಣಗುತ್ತಲೇ ಇದ್ದಳು.

ಅಷ್ಟರಲ್ಲಿ ಗಂಜಿಯ ಬಣ್ಣದ ಬಟ್ಟೆಯ ಮೇಲೆ ನಿಧಾನವಾಗಿ ಒಂದು ಒದ್ದೆ ಹರಡಿತು. ಹಾಸಿಗೂ ಹೊಕ್ಕಿಗೂ ಭೇದ ಮಾಡದೆ.

ಎಲ್ಲರೂ ಜಯಳ ಮುಖ ನೋಡಿದೆವು. ಅವಳು ಸೌಟು ಹಿಡಿದುಕೊಂಡೇ ಬಗ್ಗಿ ನೋಡಿದಳು.

"ಬಿಡಿ, ಈಗ ಹಳೇದಾಯ್ತು," ಅಂದಳು.

ಮಗುವಿನ ಬಟ್ಟೆ ಬದಲಾಯಿಸಿ, ಕೈ ತೊಳೆದು ಬಂದು, ತುಪ್ಪದ ಮಿಳ್ಳೆ ಎತ್ತಿ ನನ್ನ ಅನ್ನದ ಮೇಲೆ ಬಗ್ಗಿಸಿದಳು. ಬಿಸಿ ತುಪ್ಪ, ದಾರವಾಗಿ ಇಳಿಯುತ್ತಿತ್ತು. ನಾನು ಹೋಲ್ಡಾನ್ ಅನ್ನಲೇ ಇಲ್ಲ.