ಹಾಜರಿ ಪುಸ್ತಕದ ಲೀಲಾವತಿ

ಮೊನ್ನೆ ಬಚ್ಚಲಿನ ಹಿಂದಿನ ಗೋಡೆಯ ಬುಡದಲ್ಲಿ ಕಳೆ ಕೀಳುತ್ತಿದ್ದಾಗ ನೀರುಕಡ್ಡಿಯ ದಂಟೊಂದು ಬೆರಳ ನಡುವೆ ಮುರಿಯಿತು. ಸ್ವಲ್ಪ ಸಾಸಿವೆ, ಸ್ವಲ್ಪ ಹಸಿ ಮಣ್ಣು ಸೇರಿದಂಥ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಎಪ್ಪತ್ತು ದಾಟಿದ ನಾನು ಕೂತಲ್ಲೇ ಆರು ವರ್ಷದವಳಾದೆ. ಸ್ಲೇಟಿನಲ್ಲಿ ಬರೆದು ಕಲಿತ ನಮ್ಮ ಕಡೆಯವರಿಗೆ ನೀರುಕಡ್ಡಿ ಏನೆಂದು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಪಾಗಾರದ ಗೋಡೆಯ ಸಂದಿಯಿಂದ ಕಿತ್ತು, ಮುರಿದು ಉಜ್ಜಿದರೆ ಸ್ಲೇಟು ಕಪ್ಪಗೆ ಹೊಳೆಯುತ್ತಿತ್ತು. ಒಂದು ಗೊಂಚಲು ಚಡ್ಡಿಯ ಜೇಬಿನಲ್ಲೋ ಲಂಗದ ಮಡಿಲಲ್ಲೋ ಇದ್ದರೆ ಆ ದಿನದ ಮಟ್ಟಿಗೆ ನಾವೇ ಸಾಹುಕಾರರು. ಈಗಿನ ಮಕ್ಕಳಿಗೆ ತೋರಿಸಿದರೆ ಕಳೆ ಎಂದೇ ಬಿಸಾಡುತ್ತಾರೆ, ಅವರದೇನೂ ತಪ್ಪಿಲ್ಲ.

ನಾನು ಹೇಳಹೊರಟದ್ದು ನನ್ನ ದೊಡ್ಡಮ್ಮನ ವಿಷಯ. ಶಿರ್ತಾಡಿಯ ನಮ್ಮ ಮನೆಯಲ್ಲಿ, ಆಗಿನ ಜೈನರ ಮನೆಗಳ ಕ್ರಮದಂತೆ, ಯಜಮಾನಿಕೆ ಅಮ್ಮನ ತಮ್ಮನದು, ಅಂದರೆ ನನ್ನ ಮಾವನದು. ಆ ಮಾವನ ಮೇಲೆ ಯಜಮಾನಿಕೆ ಅಮ್ಮನ ಅಕ್ಕನದು. ಅವಳೇ ದೊಡ್ಡಮ್ಮ. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಬಿಳಿ ಸೀರೆ, ಬರಿ ಕೈ, ಆದರೆ ಗಂಟಲು ಮಾತ್ರ ಬಸದಿಯ ಜಾಗಟೆಯ ಹಾಗೆ ಗದ್ದೆಯ ಆಚೆ ಅಂಚಿಗೂ ಕೇಳಿಸುವಂಥದ್ದು. ಮಾವ ಅವಳನ್ನು ಅಕ್ಕ ಎಂದು ಕರೆದದ್ದಕ್ಕೆ ಊರಿಗೆ ಊರೇ ಅಕ್ಕ ಎಂದಿತು. ಶಾಲೆಯ ಮೆಟ್ಟಲು ಹತ್ತಿದವಳಲ್ಲ. ಬಸದಿಯಲ್ಲಿ ಪುರಾಣ ಓದುತ್ತಿದ್ದ ಅಜ್ಜನ ಪಕ್ಕ ಕೂತು, ಅವರ ಬೆರಳು ಹೋದ ಕಡೆ ಕಣ್ಣು ಹಾಯಿಸಿ ಅಕ್ಷರ ಕದ್ದವಳು. ಆದ್ದರಿಂದ ಅವಳ ತುಳು ಎಷ್ಟು ಸಲೀಸೋ ಅವಳ ಕನ್ನಡ ಅಷ್ಟು ಗಂಭೀರ. ಬೆಕ್ಕನ್ನು ಓಡಿಸುವಾಗಲೂ 'ತೊಲಗು' ಎನ್ನುತ್ತಿದ್ದಳು.

ಐವತ್ತರ ದಶಕದ ಆ ವರ್ಷಗಳಲ್ಲಿ ನಮ್ಮ ಒಕ್ಕಲಿನ ಹೆಂಗಸರು ಹಗಲು ನಟ್ಟಿಗೋ ಕೊಯ್ಲಿಗೋ ಹೋಗುವರು, ಉಳಿದ ಹೊತ್ತು ಬೀಡಿ ಕಟ್ಟುವರು. ಮೂರು ನಾಲ್ಕು ವರ್ಷದ ಮಕ್ಕಳು ಗದ್ದೆಯ ಕಟ್ಟೆಹುಣಿಯಲ್ಲಿ ಅತ್ತುಕೊಂಡು ಕೂರುವುದನ್ನು ನೋಡಲಾರದೆ ದೊಡ್ಡಮ್ಮ ಅವರನ್ನೆಲ್ಲ ನಮ್ಮ ಚಾವಡಿಗೆ ತಂದು ಕೂರಿಸಿದಳು. ಅದೇ ನಮ್ಮ ಬಾಲವಾಡಿ. ಮಣೆಯ ಮೇಲೆ ಹೊಯಿಗೆ ಹರಡಿ ಬೆರಳಲ್ಲಿ ಅಕ್ಷರ ತಿದ್ದಿಸುವಳು. ಚೆನ್ನೆಮಣೆ ಆಟಕ್ಕೆ ಇಟ್ಟುಕೊಂಡಿದ್ದ ಕೆಂಪು ಮಂಜೊಟ್ಟಿ ಬೀಜ ಕೊಟ್ಟು ಎಣಿಸಲು ಕಲಿಸುವಳು. ಮಧ್ಯಾಹ್ನ ಗಂಜಿ, ಮಾವಿನಕಾಯಿ ಚಟ್ನಿ. ಆಮೇಲೆ ಕತೆ. ಕತೆ ತುಳುವಿನಲ್ಲಿ ಶುರುವಾಗಿ, ಸರಿಯಾಗಿ ಹುಲಿ ಬರುವ ಹೊತ್ತಿಗೆ ಕನ್ನಡಕ್ಕೆ ತಿರುಗುತ್ತಿತ್ತು. ಹುಲಿ ಹುಡುಗನನ್ನು ತಿಂದಿತೋ ಬಿಟ್ಟಿತೋ ಎಂದು ತಿಳಿಯಬೇಕಾದರೆ ಕನ್ನಡ ಅರ್ಥವಾಗಲೇಬೇಕು. ಹಾಗೆ ಹುಲಿಯ ಭಯಕ್ಕೆ ಕನ್ನಡ ಕಲಿತವರು ನಾವು. ಇಂಥ ಉಪಾಯವನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂದು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ.

ಆದರೆ ದೊಡ್ಡಮ್ಮನಿಗೆ ಒಂದು ಕೊರಗಿತ್ತು. ಅವಳ ಚಾವಡಿಯಲ್ಲಿ ಪಟಪಟ ಮಾತಾಡುತ್ತಿದ್ದ ಮಕ್ಕಳು ಜೂನಿನಲ್ಲಿ ಶಾಲೆಯ ಒಂದನೇ ಕ್ಲಾಸಿಗೆ ಸೇರಿ, ದೀಪಾವಳಿಯ ಹೊತ್ತಿಗೆ ಅರ್ಧಕ್ಕರ್ಧ ಮನೆಗೆ ಮರಳುತ್ತಿದ್ದರು. ಕೇಳಿದರೆ, ಹೆಸರು ತೆಗೆದಿದ್ದಾರೆ ಎನ್ನುವರು. ಎರಡು ವರ್ಷ ಹೀಗೇ ಆಯಿತು. ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಬಾಲೆಯ ಸರದಿ ಬಂತು.

ಬಾಲೆ ಎಂದರೆ ತುಳುವಿನಲ್ಲಿ ಮಗು ಎಂದಷ್ಟೇ. ಕಳ್ಳು ಇಳಿಸುವ ಮೂರ್ತೆ ಕೆಲಸದ ದೂಮಣ್ಣನ ಕೊನೆಯ ಮಗಳಿಗೆ ಅದೇ ಹೆಸರಾಗಿ ನಿಂತುಬಿಟ್ಟಿತ್ತು. ನಾನು ಕಂಡ ಮಕ್ಕಳಲ್ಲಿ ಅವಳಷ್ಟು ಚುರುಕಿನವಳು ಇನ್ನೊಬ್ಬಳಿಲ್ಲ. ಮಂಜೊಟ್ಟಿ ಬೀಜವನ್ನು ನಾವು ಒಂದೊಂದೇ ಎಣಿಸುವಾಗ ಅವಳು ಹಿಡಿಯಲ್ಲಿ ತೂಗಿ ಲೆಕ್ಕ ಹೇಳುವಳು, ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ನವರಾತ್ರಿ ಮುಗಿದ ಮೇಲೆ ಒಂದು ಬೆಳಗ್ಗೆ ದೂಮಣ್ಣ ನಮ್ಮ ಅಂಗಳದಲ್ಲಿ ನಿಂತು, ಮಗಳನ್ನು ಶಾಲೆ ಬಿಡಿಸಿದೆ ಎಂದ.

"ಮಾಸ್ಟ್ರು ಹೇಳಿ ಕಳಿಸಿದ್ದಾರೆ ಅಕ್ಕ. ಸೇರಿಸಿದ ಮೇಲೆ ಒಂದು ದಿನವೂ ಬರಲಿಲ್ಲವಂತೆ. ಬೆಳಗ್ಗೆ ಸ್ಲೇಟು ಹಿಡ್ಕೊಂಡು ಹೊರಡ್ತಾಳೆ. ಹಾಗಾದರೆ ಎಲ್ಲಿಗೆ ಹೋಗ್ತಾಳೆ? ಎರಡು ಬಾರಿಸಿ ತಾಯಿಯ ಹತ್ತಿರ ಕೂರಿಸಿದ್ದೇನೆ. ಬೀಡಿಗೆ ನೂಲಾದರೂ ಸುತ್ತಲಿ."

ಆ ಹುಡುಗಿ ದಿನಾ ನಮ್ಮ ಗೇಟಿನ ಮುಂದೆಯೇ ಶಾಲೆಗೆ ಹೋಗುವುದನ್ನು ದೊಡ್ಡಮ್ಮ ಕಣ್ಣಾರೆ ನೋಡಿದ್ದಳು. ಶಾಲೆಯಲ್ಲೇ ಏನೋ ಉಂಟು, ನಾನೇ ಹೋಗಿ ಕೂತು ನೋಡ್ತೇನೆ ಎಂದು ಆವತ್ತೇ ತೀರ್ಮಾನಿಸಿದಳು. ಮಾವನಿಗೆ ತಲೆಬಿಸಿ. "ಒಂದನೇ ಕ್ಲಾಸಿನ ನೆಲದಲ್ಲಿ ಕೂರುವುದಾ ನೀನು? ನಾಲ್ಕು ಜನ ನೋಡಿದರೆ ಏನು ಹೇಳಿಯಾರು?"

"ನಾಲ್ಕು ಜನಕ್ಕೆ ಅಷ್ಟು ಬೇಸರ ಆದರೆ ಒಂದು ಮಣೆ ತಂದು ಕೊಡ್ಲಿ," ಎಂದು ದೊಡ್ಡಮ್ಮ ಹೊರಟೇಬಿಟ್ಟಳು. ಮಣೆಯನ್ನು ಕೊನೆಗೆ ಹೊತ್ತುಕೊಂಡು ಬಂದವರು ಮಾವನೇ.

ನಮ್ಮ ಮಾಸ್ಟ್ರು ಕೆಟ್ಟವರಲ್ಲ. ಘಟ್ಟದ ಮೇಲಿನಿಂದ ಬಂದವರು, ತುಳು ಬಾರದು, ಒಂದೇ ಕೋಣೆಯಲ್ಲಿ ಎರಡು ಕ್ಲಾಸು ನೋಡಿಕೊಳ್ಳಬೇಕು. ಹಾಜರಿ ಕರೆಯುವಾಗ ಪುಸ್ತಕದಿಂದ ತಲೆ ಎತ್ತಿದರೆ ಎರಡನೇ ಕ್ಲಾಸಿನವರು ಜಗಳಕ್ಕೆ ಶುರು ಮಾಡುವರು. ಆದ್ದರಿಂದ ಅವರು ತಲೆ ಎತ್ತುತ್ತಿರಲಿಲ್ಲ. ದೊಡ್ಡಮ್ಮ ಕೊನೆಯ ಸಾಲಿನ ಹಿಂದೆ ಗೋಡೆಗೆ ಒರಗಿ ಕೂತಳು. ಅವಳು ಅಲ್ಲಿರುವುದು ನನಗೆ ನಾಚಿಕೆ, ಒಳಗೊಳಗೇ ಜಂಬವೂ ಹೌದು. ಮಾಸ್ಟ್ರು ಒಂದೊಂದು ಹೆಸರು ಕರೆದಾಗಲೂ, 'ಹಾಜರ್' ಎಂಬ ಉತ್ತರ ಬಂದರೆ ಅವಳು ಒಂದು ಮಂಜೊಟ್ಟಿ ಬೀಜವನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಹೆಸರು ಮುಗಿದ ಮೇಲೆ ಮಡಿಲ ಬೀಜ ಎಣಿಸಿದಳು, ಆಮೇಲೆ ನಮ್ಮ ತಲೆ ಎಣಿಸಿದಳು. ಆರು ತಲೆಗೆ ಬೀಜ ಇರಲಿಲ್ಲ. ಮರುದಿನವೂ ಆರು, ಮೂರನೇ ದಿನವೂ ಆರು. ಆ ಆರೂ ಅವಳ ಚಾವಡಿಯ ಮಕ್ಕಳೇ.

ಆ ಸಂಜೆ ಊಟಕ್ಕೆ ಕೂತಾಗ ದೊಡ್ಡಮ್ಮ ನನ್ನನ್ನು ಕೇಳಿದಳು, ಮಾಸ್ಟ್ರು ಕರೆದರೂ ಉತ್ತರ ಕೊಡದವರು ಯಾರ್ಯಾರು ಎಂದು. ನಮ್ಮಲ್ಲಿ ಹೊತ್ತು ಮುಳುಗುವ ಮೊದಲೇ ಊಟ, ಹಾಗಾಗಿ ಶಾಲೆಯ ಚಾಡಿಗಳೆಲ್ಲ ಆಗ ಬಿಸಿಬಿಸಿಯಾಗಿಯೇ ಇರುತ್ತಿದ್ದವು. ನಾನು ಉತ್ಸಾಹದಿಂದ ಹೇಳಿದೆ, "ಎಲ್ಲರಿಗಿಂತ ಕೆಟ್ಟವಳು ಲೀಲಾವತಿ. ಅವಳು ಒಂದು ದಿನವೂ ಬಂದದ್ದಿಲ್ಲ. ಮಾಸ್ಟ್ರು ಬೆತ್ತ ತೆಗೆದಿಟ್ಟಿದ್ದಾರೆ. ಬಾಲೆಗೂ ಅವಳ ಮೇಲೆ ಸಿಟ್ಟಿತ್ತು, ನಾವು ಇಷ್ಟು ದೂರ ನಡೆದು ಬರುವಾಗ ಅವಳಿಗೇನು ದಾಡಿ ಅಂತ ಕೇಳ್ತಿದ್ದಳು."

ಕಲಸಿದ ತುತ್ತು ದೊಡ್ಡಮ್ಮನ ಕೈಯಲ್ಲೇ ಉಳಿಯಿತು. ಅವಳು ಅಷ್ಟು ಬೇಗ ಬಟ್ಟಲು ಬಿಟ್ಟು ಎದ್ದದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ.

ಓದುವ ನಿಮಗೆ ಈಗಾಗಲೇ ಗೊತ್ತಾಗಿರಬಹುದು. ಆಗ ನಮ್ಮ ಕಡೆ ಮಗುವನ್ನು ಶಾಲೆಗೆ ಸೇರಿಸಲು ಅಪ್ಪ ಹೋದರೆ, ಹುಟ್ಟಿದ ದಿನವನ್ನೂ ಹೆಸರನ್ನೂ ಮಾಸ್ಟ್ರೇ ಬರೆದುಕೊಳ್ಳುವುದು ರೂಢಿ. ಬಾಲೆ, ಕುಂಞ, ಅಪ್ಪಿ ಎಂದರೆ ಪುಸ್ತಕಕ್ಕೆ ಆಗುವುದಿಲ್ಲ ಎಂದು ಅವರು ತಮಗೆ ಚಂದ ಕಂಡ ಹೆಸರನ್ನು ಬರೆಯುವರು. ಅಪ್ಪ ಹೂಂ ಎಂದು ತಲೆಯಾಡಿಸಿ, ಗದ್ದೆ ದಾಟಿ ಮನೆ ಸೇರುವಷ್ಟರಲ್ಲಿ ಮರೆಯುವನು. ಮಗುವಿಗೆ ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಹೆಸರು ಬಸದಿಯಲ್ಲಿ ಇಟ್ಟದ್ದು, ಮನೆಯಲ್ಲೂ ಅದೇ, ನನಗೇನೂ ತೊಂದರೆ ಆಗಲಿಲ್ಲ. ಬಾಲೆಯೋ, ಎಲ್ಲರನ್ನೂ ಕರೆಯುವ ಮಾಸ್ಟ್ರು ತನ್ನನ್ನು ಯಾವತ್ತು ಕರೆಯುತ್ತಾರೆ ಎಂದು ನಾಲ್ಕು ತಿಂಗಳು ಬಾಯಿ ತೆರೆದುಕೊಂಡು ಕಾದಿದ್ದಳು. ಪಕ್ಕದಲ್ಲೇ ಕೂತಿದ್ದ ನಾನು, ಆ ಬಾರದ ಲೀಲಾವತಿಯನ್ನು ಅವಳ ಜೊತೆ ಸೇರಿ ಬೈದಿದ್ದೆ. ಅದನ್ನು ನೆನೆದಾಗ ನಗು ಬರುತ್ತದೆ, ಆಮೇಲೆ ನಾಚಿಕೆ.

ಮರುದಿನ ಬೆಳಗ್ಗೆಯೇ ದೊಡ್ಡಮ್ಮ ನನ್ನನ್ನು ಕರೆದುಕೊಂಡು ದೂಮಣ್ಣನ ಮನೆಗೆ ಹೋದಳು. ಜಗಲಿಯಲ್ಲಿ ಬಾಲೆಯ ತಾಯಿ ಮೊರದಂಥ ತಡ್ಪೆಯನ್ನು ತೊಡೆಯ ಮೇಲಿಟ್ಟು ಬೀಡಿ ಸುರುಟುತ್ತಿದ್ದಳು. ಎಲೆಯ, ಹೊಗೆಸೊಪ್ಪಿನ ಘಾಟಿನ ನಡುವೆ ಬಾಲೆ ನೂಲು ಸುತ್ತುತ್ತಿದ್ದಳು, ಅದರಲ್ಲೂ ಆಗಲೇ ಕೈ ಪಳಗಿತ್ತು. ನಮ್ಮನ್ನು ಕಂಡು ತಲೆ ತಗ್ಗಿಸಿದಳು. ದೊಡ್ಡಮ್ಮ ಒಕ್ಕಲಿನವರ ಜಗಲಿ ಎಂದು ನೋಡದೆ ನೆಲದ ಮೇಲೆಯೇ ಕೂತಳು.

"ದೂಮ, ಮಗಳಿಗೆ ಮಾಸ್ಟ್ರು ಏನು ಹೆಸರು ಬರೆದಿದ್ದಾರೆ?"

"ಏನೋ ಬರೆದರು ಅಕ್ಕ. ದೊಡ್ಡ ಹೆಸರು. ಲೀಲಾವತಿಯೋ ಏನೋ."

"ಒಮ್ಮೆ ಅದರಲ್ಲಿ ಕರಿ ಅವಳನ್ನು."

ತೆಂಗಿನ ಮರದ ತುದಿಯಲ್ಲಿ ನಿಂತು ಹಾಡುವ ದೂಮಣ್ಣನಿಗೆ ಆಗ ಎಲ್ಲಿಲ್ಲದ ಸಂಕೋಚ. ತಲೆ ಕೆರೆದುಕೊಂಡ, ಹೆಂಡತಿಯ ಕಡೆ ನೋಡಿದ, ಗಂಟಲು ಸರಿಮಾಡಿಕೊಂಡ. ಆಮೇಲೆ ಪರರ ಮನೆಯ ಪಾತ್ರೆ ಎತ್ತುವ ಹಾಗೆ ಜೋಪಾನವಾಗಿ, "ಲೀಲಾವತೀ," ಎಂದ.

ಬಾಲೆ ಹಿಂದೆ ತಿರುಗಿ ನೋಡಿದಳು. ಅಲ್ಲಿ ಗೋಡೆ ಮಾತ್ರ ಇತ್ತು. ಪುನಃ ಅಪ್ಪನನ್ನು ನೋಡಿದಳು. ಅವನ ಮುಖ ನೋಡಿ ಅವಳಿಗೆ ಗೊತ್ತಾಯಿತು. ಕೂಡಲೇ ಅಳಲು ಶುರು ಮಾಡಿದಳು. "ನಾನು ಅವಳಲ್ಲ. ಅವಳಿಗೆ ಬೆತ್ತದಲ್ಲಿ ಪೆಟ್ಟುಂಟು."

"ಪೆಟ್ಟಿಲ್ಲ ಮಗಾ. ನಾನೂ ಬರ್ತೇನೆ," ಎಂದ ದೊಡ್ಡಮ್ಮನ ದನಿ ಮೊದಲ ಬಾರಿಗೆ ಗದ್ದೆ ದಾಟದಷ್ಟು ಮೆತ್ತಗಾಗಿತ್ತು. ದೂಮಣ್ಣ ಮಗಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಬಾರಿಸಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ದಾರಿಯುದ್ದಕ್ಕೂ ಅವಳ ಪಾದ ಸವರುತ್ತ ನಡೆದ.

ಮಾಸ್ಟ್ರು ಸಂಗತಿ ಕೇಳಿ ಹಾಜರಿ ಪುಸ್ತಕ ತೆರೆದರು. ಹೆಸರಿನ ಮೇಲೆ ಆಗಲೇ ಕೆಂಪು ಗೆರೆ ಎಳೆದಿದ್ದರು. "ನನ್ನಿಂದ ದೊಡ್ಡ ತಪ್ಪಾಯಿತು, ಅಮ್ಮಾ," ಎಂದು ಹೇಳಿದರು.

"ತಪ್ಪು ನನ್ನದು ಮಾಸ್ಟ್ರೆ," ಎಂದಳು ದೊಡ್ಡಮ್ಮ. "ನನ್ನ ಚಾವಡಿಯಲ್ಲಿ ಹಾಜರಿ ಯಾಕೆ, ಯಾರು ಬರಲಿಲ್ಲ ಅಂತ ನೋಡಿದರೆ ಗೊತ್ತಾಗ್ತದೆ ಅಂತ ಹೇಳ್ತಿದ್ದೆ. ಎರಡು ವರ್ಷ ನನ್ನ ಎದುರು ಕೂತ ಮಕ್ಕಳಿಗೆ ಅವರ ಹೆಸರನ್ನೇ ಕಲಿಸ್ಲಿಲ್ಲ. ಎಷ್ಟು ಮಕ್ಕಳು ಹೀಗೆ ಹೋದರೋ."

ಅವಳು ಸೋತದ್ದನ್ನು ಒಪ್ಪಿಕೊಂಡದ್ದು ನಾನು ನೋಡಿದ್ದು ಅದೊಂದೇ ಸಲ. ಆ ಹೊತ್ತಿನಲ್ಲೂ ಅವಳ ತಲೆ ನೆಟ್ಟಗೇ ಇತ್ತು. ಮಾಸ್ಟ್ರು ಕೆಂಪು ಗೆರೆಯ ಪಕ್ಕದಲ್ಲಿ ಹೆಸರನ್ನು ಹೊಸದಾಗಿ ಬರೆದರು. ಹಾಜರಿ ಕರೆದರು, ಆವತ್ತು ತಲೆ ಎತ್ತಿ ಕರೆದರು. ಲೀಲಾವತಿ ಎಂದಾಗ ಮೊದಲು ನಿಶ್ಶಬ್ದ. ಆಮೇಲೆ ನನ್ನ ಪಕ್ಕದಿಂದ ಸಣ್ಣಗೆ, "ಹಾಜರ್." ಇಷ್ಟು ದಿನ ಚಕ್ಕರ್ ಹೊಡೆದ ಕಳ್ಳಿ ಕೊನೆಗೂ ಬಂದಳಲ್ಲ ಎಂದು ಇಡೀ ಕ್ಲಾಸು ತಿರುಗಿ ನೋಡಿತು.

ಉಳಿದ ಆರು ಮಕ್ಕಳೂ ಆ ವಾರದಲ್ಲೇ ತಮ್ಮ ಹೆಸರು ತಿಳಿದುಕೊಂಡರು. ಮುಂದಿನ ಮೇ ತಿಂಗಳಿನಿಂದ ನಮ್ಮ ಚಾವಡಿಯಲ್ಲಿ ಒಂದು ಹೊಸ ಕ್ರಮ ಶುರುವಾಯಿತು. ಶಾಲೆಗೆ ಹೋಗಬೇಕಾದ ಮಕ್ಕಳನ್ನು ಅಪ್ಪಅಮ್ಮ ಕರೆತರಬೇಕು, ಶಾಲೆಯ ಹೆಸರನ್ನು ಅವರೇ ಆರಿಸಬೇಕು, ತೊಟ್ಟಿಲ ಮಗುವಿಗೆ ಹೇಳುವ ಹಾಗೆ ಮೂರು ಸಲ ಕಿವಿಯಲ್ಲಿ ಹೇಳಿ ಬಾಯಿಗೆ ಬೆಲ್ಲ ಹಾಕಬೇಕು. ಮಾಸ್ಟ್ರು ರಜೆಯಲ್ಲಿ ಊರಿಗೆ ಹೋಗುವುದನ್ನು ಒಂದು ವಾರ ಮುಂದೆ ಹಾಕಿ, ನಮ್ಮ ಮನೆಯಲ್ಲಿ ಕೂತು ದಿನಾ ಆ ಹೆಸರುಗಳನ್ನು ಕರೆಯುತ್ತಿದ್ದರು. ಅದಕ್ಕಾಗಿ ಒಂದಿಷ್ಟು ತುಳುವನ್ನೂ ಕಲಿತರು, ತಪ್ಪುತಪ್ಪಾಗಿ. ಆಮೇಲೆ ಅವರೇ ಮಕ್ಕಳ ಕೈ ಹಿಡಿದು ಬೀಗ ಹಾಕಿದ ಶಾಲೆಯನ್ನು ತೆರೆಸಿ, ಕೂರುವ ಜಾಗ, ನೀರಿನ ಕೊಡಪಾನ, ಹಿತ್ತಿಲಿಗೆ ಹೋಗುವ ದಾರಿ ಎಲ್ಲ ತೋರಿಸುವರು. ದೀಪಾವಳಿ ಬಂದು ಹೋದರೂ ಹೆಚ್ಚಿನ ಮಕ್ಕಳು ಶಾಲೆಯಲ್ಲೇ ಇದ್ದರು. ಬೆಳ್ತಂಗಡಿ ಕಡೆಯಿಂದ, ಬಂಟ್ವಾಳದಿಂದ ಬಾಲವಾಡಿಯ ಹೆಂಗಸರು ಬಸ್ಸಿನಲ್ಲಿ ಬಂದು ನೋಡಿಹೋದರು. ದೊಡ್ಡಮ್ಮ ಅವರಿಗೆ ಉಪದೇಶ ಮಾಡುತ್ತಿರಲಿಲ್ಲ. ಬೀಜ ಕೊಟ್ಟು, ಎಣಿಸಿ ನೋಡಿ ಎನ್ನುತ್ತಿದ್ದಳು.

ಆ ಮನೆ ಈಗಿಲ್ಲ. ಮಾವ ಹೋದ ಮೇಲೆ ಪಾಲಾಯಿತು, ಚಾವಡಿಯ ಕಂಬಗಳನ್ನು ಯಾರೋ ಕೊಂಡುಹೋದರು. ದೊಡ್ಡಮ್ಮನ ಒಂದು ಫೋಟೋ ಕೂಡ ನಮ್ಮಲ್ಲಿ ಉಳಿದಿಲ್ಲ. ನಾನು ಅವಳ ವಿಷಯ ಎಷ್ಟು ಹೇಳಿದರೂ ಕೇಳುವವರಿಗೆ ಅದೊಂದು ಕತೆ. ನನಗೆ ಮಾತ್ರ, ಅರವತ್ತರ ದಶಕ ಮುಗಿಯುತ್ತ ಬಂದಾಗಿನ ಒಂದು ಮಧ್ಯಾಹ್ನ ನಿನ್ನೆಯಷ್ಟು ಹತ್ತಿರ. ಬ್ಲಾಕ್ ಆಫೀಸಿನವರು ನಮ್ಮೂರಿಗೆ ಸಂಬಳದ ಬಾಲವಾಡಿ ಮಂಜೂರು ಮಾಡಿದ್ದರು. ಬಂದ ಅಧಿಕಾರಿ ಚಾವಡಿಯನ್ನೆಲ್ಲ ನೋಡಿ ಮೆಚ್ಚಿ, ಟೀಚರ್ ಆಗುವವರಿಗೆ ಎಂಟನೇ ಕ್ಲಾಸಿನ ಸರ್ಟಿಫಿಕೇಟು ಬೇಕು, ನಿಮ್ಮದು ಕೊಡಿ ಎಂದರು. ಇಲ್ಲ ಎಂದಳು ದೊಡ್ಡಮ್ಮ. ಊರಿನಲ್ಲಿ ಎಂಟು ಪಾಸಾದ ಹೆಣ್ಣುಮಕ್ಕಳು ಇದ್ದವರೇ ಇಬ್ಬರು. ನಾನು ಕಾಲೇಜಿಗೆಂದು ಮೂಡಬಿದ್ರೆಯಲ್ಲಿದ್ದೆ, ರಜೆಯಲ್ಲಿ ಬಂದಿದ್ದೆ. ಇನ್ನೊಬ್ಬಳು ಲೀಲಾವತಿ.

ಅವಳು ಅರ್ಜಿಯ ಕಾಗದವನ್ನು ಮುಟ್ಟಲಿಲ್ಲ. ಕಂಬದ ಮರೆಯಲ್ಲಿ ನಿಂತು, "ಅದು ಅಕ್ಕನ ಜಾಗ, ನಾನು ಹೇಗೆ ಕೂರುವುದು?" ಎಂದು ಹಟ ಹಿಡಿದಳು. ಇಷ್ಟು ವರ್ಷ ದುಡಿದವಳನ್ನು ಒಂದು ತುಂಡು ಕಾಗದ ಇಲ್ಲವೆಂದು ಹೊರಗೆ ಕೂರಿಸುತ್ತಾರಲ್ಲ ಎಂಬ ಸಿಟ್ಟು ನನಗೆ. ದೊಡ್ಡಮ್ಮ ಮಾತ್ರ ಅಧಿಕಾರಿಯ ಕೈಯಿಂದ ಪೆನ್ನು ತೆಗೆದುಕೊಂಡು, ಹೋಗಿ ಲೀಲಾವತಿಯ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದಳು.

"ನನ್ನ ಹೆಸರು ಯಾವ ಶಾಲೆಯ ಪುಸ್ತಕದಲ್ಲಿಯೂ ಇಲ್ಲ," ಎಂದಳು. "ನಿನ್ನದು ಉಂಟು. ಬರಿ."