ಅತ್ತೆಯ ಹೊಟ್ಟೆಯ ಗಂಟು

ಅರುವತ್ತರ ದಶಕದ ಮಾತು. ನಾನು ಪೆರಾಬೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆಗೆ ಹೊಟ್ಟೆನೋವು ಶುರುವಾಯಿತು. ಮದ್ದಿಗೆ ಬಗ್ಗದಾಗ ಪುತ್ತೂರಿನ ಡಾಕ್ಟರರು, ಮಂಗಳೂರಿಗೆ ಹೋಗಿ ಎಕ್ಸ್‌ರೇ ತೆಗೆಸಿ ಎಂದರು. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದೆಂದೂ ಹೇಳಿದ್ದರು.

ಬೆಳಗಿನ ಬಸ್ಸಿಗೆ ಅತ್ತೆ, ಮಾವ, ನಾನು ಹೊರಟೆವು. ಆಸ್ಪತ್ರೆಯಲ್ಲಿ ಅತ್ತೆಗೆ ಒಂದು ಲೋಟ ಬಿಳಿ ಮದ್ದು ಕುಡಿಸಿ ಹೊಟ್ಟೆಯ ಚಿತ್ರ ತೆಗೆದರು. ಆಮೇಲೆ ಅಲ್ಲಿನ ಡಾಕ್ಟರರು ಮಾವನನ್ನೂ ನನ್ನನ್ನೂ ಮಾತ್ರ ಒಳಗೆ ಕರೆದರು. ಬೆಳಕಿಗೆ ಹಿಡಿದ ಫಿಲ್ಮಿನಲ್ಲಿ, ಬಿಳಿಯ ನಡುವೆ ಒಂದು ಕಪ್ಪು ಕಲೆ.

“ಗಂಟಿನ ಹಾಗೆ ಕಾಣ್ತದೆ. ಕ್ಯಾನ್ಸರ್ ಇರಲಿಕ್ಕೂ ಸಾಕು,” ಎಂದರು.

ಮಾವ ಸಿಡುಕಿನ ಮನುಷ್ಯ. ಅವರು ಅತ್ತೆಯೊಡನೆ ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಈಗ ಕುರ್ಚಿಯ ಬೆನ್ನು ಹಿಡಿದು, “ಅವಳಿಗೆ ಹೇಳುದು ಬೇಡ,” ಎಂದರು.

“ತಡೀರಿ. ಹೊಟ್ಟೆಯಲ್ಲಿ ಆಹಾರ ಉಳಿದಿದ್ರೂ ಹೀಗೇ ಕಾಣುದು. ಅವರು ಬೆಳಿಗ್ಗೆ ಎಂತಾದ್ರೂ ತಿಂದಿದ್ದಾರಾ?” ಎಂದು ಡಾಕ್ಟರರು ಕೇಳಿದರು.

ನಾನು ಹೊರಗೆ ಹೋಗಿ ಅತ್ತೆಯನ್ನು ಕೇಳಿದೆ.

“ತಿನ್ನುದಾ? ಎಂತದೂ ಇಲ್ಲ. ಪುತ್ತೂರಿನಲ್ಲಿ ಬಸ್ಸು ನಿಂತಾಗ ಎರಡು ಮುಷ್ಟಿ ಅವಲಕ್ಕಿ ಬಾಯಿಗೆ ಹಾಕಿದ್ದೆ. ಅದೆಂತ ಊಟವಾ?”

ಒಳಗೆ ಬಂದು ಅದನ್ನು ಹೇಳಿದಾಗ ಡಾಕ್ಟರರಿಗೆ ನಗು ತಡೆಯಲಾಗಲಿಲ್ಲ. ಎರಡು ದಿನ ಬಿಟ್ಟು ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡೋಣ, ಅಲ್ಲಿಯವರೆಗೆ ಕ್ಯಾನ್ಸರಿನ ಮಾತೇ ಬೇಡ ಎಂದರು.

ಮಂಗಳೂರಿನ ನನ್ನ ದೊಡ್ಡಮ್ಮನ ಮನೆಯಲ್ಲಿ ಉಳಿದೆವು. ಮಾವ ಅತ್ತೆಗೆ ಬೀಸಣಿಗೆಯಿಂದ ಗಾಳಿ ಹಾಕಿದರು, “ನೋವುಂಟಾ?” ಎಂದು ಕೇಳಿದರು. ಅತ್ತೆಗೆ ಗಾಬರಿಯಾಯಿತು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ಇವರಿಗೆ ಎಂತಾಗಿದೆ ಮಾರಾಯ್ತಿ? ನಾನು ಸಾಯ್ಲಿಕ್ಕುಂಟಾ?” ಎಂದರು. ಎಂತದೂ ಇಲ್ಲ ಎಂದೆ. ಅವರ ಮುಖ ನೋಡಲಾಗಲಿಲ್ಲ.

ಹೇಳಿದ ದಿನ ಬೆಳಿಗ್ಗೆ ಮಾವ ಕಾಫಿಯನ್ನೂ ಮುಟ್ಟಲಿಲ್ಲ. “ನೀನು ಉಪವಾಸ ಇರುವಾಗ ನನಗೆಂತಕ್ಕೆ?” ಎಂದರು. ಅತ್ತೆ ಬಾಯಿಗೆ ನೀರೂ ಹಾಕಲಿಲ್ಲ.

ಈ ಸಲದ ಫಿಲ್ಮಿನಲ್ಲಿ ಕಲೆ ಇರಲಿಲ್ಲ. ಹೊಟ್ಟೆಯೊಳಗೆ ಸಣ್ಣ ಹುಣ್ಣು ಮಾತ್ರ, ಖಾರ ಬಿಟ್ಟು ಮದ್ದು ತೆಗೆದುಕೊಂಡರೆ ಗುಣವಾಗುತ್ತದೆ ಎಂದರು ಡಾಕ್ಟರರು.

ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತ ಮಾವ ನಡೆದದ್ದೆಲ್ಲ ಹೇಳಿದರು. ಅತ್ತೆ ಕೈಯ ಇಡ್ಲಿ ತಟ್ಟೆಗಿಟ್ಟು ಅವರನ್ನೇ ನೋಡಿದರು. ಮತ್ತೆ, “ಅಯ್ಯೋ ದೇವರೇ, ನನ್ನ ಹೊಟ್ಟೆ ಕೊಯ್ದು ಅವಲಕ್ಕಿ ತೆಗೀತಿದ್ರಾ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಊರಿನ ಬಸ್ಸಿನಲ್ಲಿ ಅವರಿಗೆ ನಿದ್ದೆ ಬಂತು, ತಲೆ ಮಾವನ ಭುಜಕ್ಕೆ ವಾಲಿತು. ಬಸ್ಸಿನ ತುಂಬ ಗುರುತಿನವರಿದ್ದರು. ಆದರೂ ನಾವು ಇಳಿಯುವ ಆಲಂಕಾರು ಬರುವವರೆಗೆ ಮಾವ ಭುಜ ಅಲುಗಿಸಲಿಲ್ಲ.