ಫೀಡಿಗೆ ಸುರುವಿದ ಚೀಲ

ನನ್ನ ಬ್ಲಾಗು ಕಟ್ಟಿಕೊಟ್ಟ ರಾಣೆಬೆನ್ನೂರಿನ ಗೆಳೆಯ, ಹೊಸ ಬರಹಗಳನ್ನು ಓದುಗರ ಮೊಬೈಲಿಗೆ ತಲುಪಿಸುವ ಫೀಡಿನಲ್ಲಿ ಪ್ರತಿ ಬರಹದ ನಾಲ್ಕೇ ಸಾಲು ಹಾಕು ಎಂದು ಹಟ ಹಿಡಿದ. “ಪೂರ್ತಿ ಅಲ್ಲೇ ಓದಿಬಿಟ್ರ ನಿನ್ನ ಬ್ಲಾಗಿಗೆ ಯಾರ್ ಬರ್ತಾರ?”

ನನ್ನಪ್ಪ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲನಾಗಿದ್ದ. ಮಾರಲು ಬಂದವರು ಚೀಲದ ಬಾಯಿಯಷ್ಟೇ ಬಿಚ್ಚಿ ಕೆಂಪು ಕಾಯಿ ತೋರಿಸಿದರೆ, ಖರೀದಿದಾರ ಮೊಣಕೈವರೆಗೆ ಕೈ ಇಳಿಸಿ ಒಳಗಿನಿಂದ ಒಂದು ಹಿಡಿ ಎಳೆದು ನೋಡುತ್ತಿದ್ದ. ಅಪ್ಪನಿಗೆ ಅಷ್ಟೂ ಸಾಲದು. “ಸುರುವಿ ಬಿಡ್ರಿ, ಎಲ್ಲಾ ಕಾಣಲಿ,” ಎಂದು ಚೀಲವನ್ನೇ ಬೋರಲು ಹಾಕುತ್ತಿದ್ದ.

ಅಂಥವನ ಮಗಳು ನಾನು. ಗೆಳೆಯನ ಕೈಯಿಂದ ಮೌಸ್ ಕಸಿದು ‘ಪೂರ್ತಿ ಬರಹ’ ಎಂಬುದನ್ನೇ ಒತ್ತಿದೆ.

“ಇನ್ನ ಒಬ್ಬರೂ ಬರೂದಿಲ್ಲ ನೋಡು,” ಎಂದ.

“ಯಾಕ ಬರಬೇಕು? ಕುಂತಲ್ಲೇ ಓದ್ಲಿ!”